ಎ ಗ್ರೇಡ್ ಪೀಸು, ಹತ್ತು ದಿನದ ಗಡುವು

ಹತ್ತು ಸಾವಿರದೊಳಗೆ ಒಳ್ಳೆಯ ವಿಡಿಯೊ ಕ್ಯಾಮೆರಾ ಸಿಗುತ್ತದಾ ಎಂದು ಯಾರನ್ನಾದರೂ ಕೇಳಿ ನೋಡಿ. ‘ಕೈಯಲ್ಲಿ ಫೋನ್ ಇದೆಯಲ್ಲ, ಸಾಲದಾ?’ ಎನ್ನುತ್ತಾರೆ. ಅರ್ಧ ನಿಜ. ರೀಲ್ಸ್‌ಗೆ, ಗೆಳತಿಯ ಹುಟ್ಟುಹಬ್ಬಕ್ಕೆ ಫೋನೇ ಸಾಕು. ಮಂದ ಬೆಳಕಿನಲ್ಲಂತೂ ಇವತ್ತಿನ ಒಳ್ಳೆಯ ಫೋನು ಹಳೇ ಕ್ಯಾಮ್‌ಕಾರ್ಡರನ್ನು ಸಲೀಸಾಗಿ ಸೋಲಿಸುತ್ತದೆ. ಆದರೆ ಶಾಲಾ ವಾರ್ಷಿಕೋತ್ಸವದಲ್ಲಿ ಕೊನೆಯ ಸಾಲಿನ ಹಿಂದೆ ನಿಂತು ವೇದಿಕೆಯ ಮೇಲಿನ ಮಗುವಿನ ಮುಖ ಹಿಡಿಯಬೇಕು, ಮೂರು ಗಂಟೆ ರೆಕಾರ್ಡ್ ಆಗುತ್ತಲೇ ಇರಬೇಕು, ನಡುವೆ ಯಾರದ್ದೋ ಕರೆ ಬರಬಾರದು ಎಂದರೆ ಫೋನಿನ ಆಟ ನಡೆಯುವುದಿಲ್ಲ. ಎಷ್ಟೋ ಡಿಎಸ್‌ಎಲ್‌ಆರ್‌ಗಳೂ ಅರ್ಧ ಗಂಟೆಯೊಳಗೆ ತಾವಾಗಿಯೇ ನಿಂತುಬಿಡುತ್ತವೆ.

ಡಿಗ್ರಿ ಮುಗಿಸಿ ಒಂದೂವರೆ ವರ್ಷವಾಯಿತು. ಅರ್ಜಿ ಹಾಕುವುದು, ಪರೀಕ್ಷೆ ಬರೆಯುವುದು ನಡೆದೇ ಇದೆ. ನಮ್ಮ ಸಾಗರದ ಸುತ್ತಮುತ್ತ ಸ್ಟುಡಿಯೊದವರು ಕೇಳುವಷ್ಟು ದುಡ್ಡು ಕೊಡಲಾಗದ ಸಣ್ಣ ಶಾಲೆಗಳು ಬೇಕಾದಷ್ಟಿವೆ. ಅವನ್ನು ನಂಬಿಕೊಂಡೇ ಟ್ಯೂಷನ್ ಹೇಳಿ ಕೂಡಿಟ್ಟ ದುಡ್ಡು ಹಿಡಿದು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆ. ₹9,500ಕ್ಕೆ ಒಂದು ಫುಲ್ ಎಚ್‌ಡಿ ಕ್ಯಾಮ್‌ಕಾರ್ಡರ್, ರಿಫರ್ಬಿಶ್ಡ್.

‘ಎ ಗ್ರೇಡ್ ಪೀಸು ಮೇಡಂ, ಕಣ್ಣು ಮುಚ್ಕೊಂಡು ತಗೊಳ್ಳಿ’ ಎಂದರು ಅಂಗಡಿಯವರು.

ಕಣ್ಣು ಮುಚ್ಚಿಕೊಂಡು ತೆಗೆದುಕೊಳ್ಳಬಾರದ್ದು ಏನಾದರೂ ಇದ್ದರೆ ಇದೇ. ತಯಾರಿಸಿದ ಕಂಪನಿಯೇ ಬಿಚ್ಚಿ, ಕೆಟ್ಟ ಭಾಗ ಬದಲಿಸಿ, ವಾರಂಟಿ ಕೊಟ್ಟು ಮಾರಿದರೂ ಅದು ರಿಫರ್ಬಿಶ್ಡ್. ಯಾರೋ ಮಾರಿಹೋದದ್ದನ್ನು ಸ್ಪಿರಿಟ್ ಹಚ್ಚಿ ಒರೆಸಿ ಹೊಸ ಕವರಿಗೆ ತುಂಬಿದರೂ ರಿಫರ್ಬಿಶ್ಡೇ. ಹಾಗಾಗಿ ಕೇಳಬೇಕಾದದ್ದು ಗ್ರೇಡನ್ನಲ್ಲ, ಎಷ್ಟು ದಿನದೊಳಗೆ ವಾಪಸ್ ತೆಗೆದುಕೊಳ್ಳುತ್ತೀರಿ ಎಂಬುದನ್ನು. ಹತ್ತು ದಿನ ಅಂದರು. ‘ಅಣ್ಣಾ, ಊರು ದೂರ, ಅದನ್ನೇ ಬಿಲ್ಲಲ್ಲಿ ಬರೆದುಬಿಡಿ, ಸೀರಿಯಲ್ ನಂಬರ್ ಸಮೇತ’ ಎಂದೆ. ಮುಖ ಸ್ವಲ್ಪ ಹುಳಿಯಾಯಿತು, ಆದರೂ ಬರೆದುಕೊಟ್ಟರು.

ಅಂಗಡಿಯ ಕೌಂಟರಿನಲ್ಲೇ ಕಾಲು ಗಂಟೆಯಲ್ಲಿ ಮುಗಿಯುವ ಪರೀಕ್ಷೆಗಳಿವೆ. ಫೋನಿನ ಟಾರ್ಚನ್ನು ಓರೆಯಾಗಿ ಲೆನ್ಸಿನೊಳಗೆ ಬಿಟ್ಟು ನೋಡಿ. ಗಾಜಿನ ಮೇಲಿನ ಸಣ್ಣ ಗೀರು ಚಿತ್ರದಲ್ಲಿ ಕಾಣುವುದೇ ಅಪರೂಪ. ಒಳಗೆ ಜೇಡರ ಬಲೆಯಂಥ ಎಳೆ ಕಂಡರೆ ಅದು ಬೂಷ್ಟು, ಬಿಟ್ಟು ಬನ್ನಿ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಅದು ಬೆಳೆಯುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಲೆನ್ಸ್ ಮುಚ್ಚಿಟ್ಟು ಒಂದು ನಿಮಿಷ ರೆಕಾರ್ಡ್ ಮಾಡಿ: ಕಪ್ಪು ಪರದೆಯಲ್ಲಿ ಕದಲದೆ ಹೊಳೆಯುವ ಚುಕ್ಕೆಗಳಿದ್ದರೆ ಸೆನ್ಸರಿನ ಪಿಕ್ಸೆಲ್‌ಗಳು ಕೆಟ್ಟಿವೆ. ಪಕ್ಕಕ್ಕೆ ತೆರೆಯುವ ಪುಟ್ಟ ಪರದೆಯನ್ನು ಹತ್ತಾರು ಸಲ ತೆರೆದು, ಮುಚ್ಚಿ, ತಿರುಗಿಸಿ. ಯಾವುದೋ ಒಂದು ಕೋನದಲ್ಲಿ ಚಿತ್ರ ಮಾಯವಾದರೆ ಕೀಲಿನೊಳಗಿನ ತೆಳು ಕೇಬಲ್ ಹರಿಯುತ್ತಿದೆ ಎಂದರ್ಥ. ಮೈಮೇಲೆ ದಪ್ಪಕ್ಷರದಲ್ಲಿ ಬರೆದ ನೂರಾರು ಪಟ್ಟು ಜೂಮ್ ನಂಬಬೇಡಿ, ‘ಆಪ್ಟಿಕಲ್’ ಎಂಬ ಪದದ ಪಕ್ಕದ ಅಂಕಿಯಷ್ಟೇ ಲೆಕ್ಕ. ಎಚ್‌ಡಿ ಎಂದ ಮಾತ್ರಕ್ಕೆ ಫುಲ್ ಎಚ್‌ಡಿಯೂ ಅಲ್ಲ. ರೆಕಾರ್ಡ್ ಮಾಡಿದ ಫೈಲಿನ ವಿವರದಲ್ಲಿ 1920×1080 ಇದೆಯೇ ನೋಡಿ. ಕಾರ್ಡು ನಿಮ್ಮದೇ ಒಯ್ಯಿರಿ, 32 ಜಿಬಿಯದು. ಎಷ್ಟೋ ಹಳೇ ಮಾದರಿಗಳು ಅದಕ್ಕಿಂತ ದೊಡ್ಡದನ್ನು ಒಪ್ಪುವುದಿಲ್ಲ. ಟೇಪ್ ಹಾಕುವ ಕ್ಯಾಮೆರಾ ಎಷ್ಟೇ ಅಗ್ಗವಾದರೂ ಬೇಡ. ಅದರ ಫೈರ್‌ವೈರ್ ಕೇಬಲ್ ಸಿಕ್ಕಿಸಲು ಈಗಿನ ಲ್ಯಾಪ್‌ಟಾಪಿನಲ್ಲಿ ಜಾಗವೇ ಇಲ್ಲ.

ಇಷ್ಟಾದರೂ ಇದೆಲ್ಲ ಮೇಲ್ನೋಟ. ನಿಜವಾದ ಪರೀಕ್ಷೆ ಮನೆಯಲ್ಲಿ.

ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ಕ್ಯಾಮೆರಾವನ್ನು ಗೋಡೆ ಗಡಿಯಾರದ ಎದುರಿಗಿಟ್ಟು ರೆಕಾರ್ಡ್ ಒತ್ತಿ ಅಡುಗೆಮನೆ ಕೆಲಸಕ್ಕೆ ಹೋದೆ. ಪಕ್ಕದಲ್ಲಿ ಕಾದು ಕೂರುವುದೇ ಬೇಡ, ಎಷ್ಟಕ್ಕೆ ನಿಂತಿತು ಎಂದು ವಿಡಿಯೊವೇ ಹೇಳುತ್ತದೆ. 38 ನಿಮಿಷ! ಅಂಗಡಿಗೆ ಫೋನ್ ಮಾಡಿದರೆ ‘ಬ್ಯಾಟರಿಗೆ ಗ್ಯಾರಂಟಿ ಇಲ್ಲ ಮೇಡಂ’. ಮರುದಿನ ಅಡಾಪ್ಟರ್ ಸಿಕ್ಕಿಸಿ ಮತ್ತೆ ಅದೇ ಗಡಿಯಾರ. ಎರಡೂವರೆ ಗಂಟೆ ಓಡಿತು, ಮೈ ಬೆಚ್ಚಗಾಯಿತು, ನಿಲ್ಲಲಿಲ್ಲ. ಇಂಥ ಕ್ಯಾಮೆರಾಗಳು ಉದ್ದದ ರೆಕಾರ್ಡಿಂಗನ್ನು ತುಂಡು ಮಾಡಿ ಉಳಿಸುತ್ತವೆ. ಆ ತುಂಡುಗಳ ಸಂದಿನಲ್ಲಿ ಸೆಕೆಂಡಿನ ಮುಳ್ಳು ಹಾರಿದೆಯೇ ಎಂದು ನೋಡಿಕೊಂಡೆ, ಇರಲಿಲ್ಲ. ಸೆಕೆಂಡಿಗೆ 24 ಮೆಗಾಬಿಟ್ ಲೆಕ್ಕದಲ್ಲಿ ಗಂಟೆಗೆ ಸುಮಾರು 10.8 ಜಿಬಿ ಬೇಕು. ಅಂದರೆ ಒಂದು ಕಾರ್ಡಿನಲ್ಲಿ ಮೂರು ಗಂಟೆ ಹಿಡಿಸುವುದಿಲ್ಲ, ಎರಡು ಬೇಕೇ ಬೇಕು.

ಹೆದರಿಕೆ ಹುಟ್ಟಿಸಿದ್ದು ಮೂರನೇ ರಾತ್ರಿ. ಹಜಾರದ ಟ್ಯೂಬ್‌ಲೈಟ್ ಕೆಳಗೆ ತೆಗೆದ ವಿಡಿಯೊ ಪೂರ್ತಿ ಮಿಣಮಿಣ, ಉಸಿರಾಡುವ ಹಾಗೆ ಬೆಳಕು ಏರಿಳಿಯುತ್ತಿತ್ತು. ಹಗಲಲ್ಲಿ ತೆಗೆದದ್ದರಲ್ಲಿ ಏನೂ ಇಲ್ಲ. ಕ್ಯಾಮೆರಾ ತಿರುಗಿಸಿ ತಳದ ಚೀಟಿ ಓದಿದರೆ ‘ಎನ್‌ಟಿಎಸ್‌ಸಿ’ ಎಂದಿದೆ. ಅಮೆರಿಕ, ಜಪಾನ್‌ ಕಡೆಯ ಮಾರುಕಟ್ಟೆಯದು. ಸೆಕೆಂಡಿಗೆ 60ರ ಲಯದಲ್ಲಿ ಚಿತ್ರ ಹಿಡಿಯುವಂಥದ್ದು. ನಮ್ಮ ಕರೆಂಟು 50 ಹರ್ಟ್ಸ್. ಹಳೇ ಚೋಕ್ ಇರುವ ಟ್ಯೂಬು, ಅಗ್ಗದ ಎಲ್‌ಇಡಿ ಸರಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ನಮ್ಮ ಕಣ್ಣಿಗೆ ಅದು ಕಾಣುವುದಿಲ್ಲ. 1/60 ಸೆಕೆಂಡ್ ತೆರೆದಿರುವ ಶಟರಿಗೆ ಒಮ್ಮೆ ಹೆಚ್ಚು ಬೆಳಕು, ಒಮ್ಮೆ ಕಡಿಮೆ ಬೆಳಕು ಸಿಗುತ್ತದೆ. ಪುಣ್ಯಕ್ಕೆ ನನ್ನದರಲ್ಲಿ ಶಟರ್ ವೇಗವನ್ನು ಕೈಯಾರೆ ಬದಲಿಸಬಹುದಿತ್ತು. 1/100ಕ್ಕೆ ಇಟ್ಟೆ. ಪ್ರತಿ ಚಿತ್ರಕ್ಕೂ ಸರಿಯಾಗಿ ಒಂದೊಂದೇ ಮಿನುಗು, ಮಿಣಮಿಣ ಮಾಯ. ಚಿತ್ರ ಸ್ವಲ್ಪ ಕಪ್ಪಾಗುತ್ತದೆ, ವೇದಿಕೆ ಬೆಳಕಿದ್ದಲ್ಲಿ ತೊಂದರೆಯಿಲ್ಲ. ಈ ಸೌಲಭ್ಯ ಇಲ್ಲದ ಮಾದರಿಗಳೇ ಅಗ್ಗದವುಗಳಲ್ಲಿ ಹೆಚ್ಚು. ಅಂಥದ್ದಾಗಿದ್ದರೆ ನಾನು ಮರುದಿನದ ಬಸ್ಸಿಗೇ ವಾಪಸ್ ಹೋಗುತ್ತಿದ್ದೆ. ಹೆಸರಿನಿಂದಲೂ ಕೆಲವನ್ನು ಗುರುತಿಸಬಹುದು: ಕ್ಯಾನನ್‌ನವರು ಅಮೆರಿಕಕ್ಕೆ ‘ವಿಕ್ಸಿಯಾ’, ಜಪಾನಿಗೆ ‘ಐವಿಸ್’, ಯುರೋಪಿಗೆ ‘ಲೆಗ್ರಿಯಾ’ ಎಂದು ಹೆಸರಿಟ್ಟು ಮಾರಿದರು. ನಮ್ಮ ಕರೆಂಟಿಗೆ ಹೊಂದುವುದು ಕೊನೆಯದು. ಜಪಾನಿನವುಗಳಲ್ಲಿ ಮೆನು ಬರೀ ಜಪಾನಿ ಭಾಷೆಯಲ್ಲೇ ಇರುವುದೂ ಉಂಟು.

ಎಂಟನೇ ದಿನ ಪಕ್ಕದೂರಿನಲ್ಲಿ ಬಯಲಾಟ. ಮೇಳದವರನ್ನು ಕೇಳಿಕೊಂಡು ಮೂಲೆಯಲ್ಲಿ ಟ್ರೈಪಾಡ್ ಹಾಕಿದೆ. ಚಿತ್ರ ಚೆನ್ನ, ಹಿಂದಿನಿಂದಲೇ ಕಿರೀಟದ ಮಣಿ ಎಣಿಸಬಹುದು. ತಕರಾರು ಬಂದದ್ದು ಧ್ವನಿಯಲ್ಲಿ. ಚಂಡೆ ಬಿದ್ದ ಕೂಡಲೇ ಕ್ಯಾಮೆರಾ ತಾನಾಗಿ ಮೈಕನ್ನು ತಗ್ಗಿಸುತ್ತದೆ, ಅದು ಮೇಲೇಳುವಷ್ಟರಲ್ಲಿ ಭಾಗವತರ ಪದ್ಯದ ಮೊದಲ ಸಾಲು ಹೋಗಿರುತ್ತದೆ. ಹೆಡ್‌ಫೋನ್ ಹಾಕಿಕೊಂಡಿದ್ದರಿಂದ ಸ್ಥಳದಲ್ಲೇ ಗೊತ್ತಾಯಿತು. ಮೆನುವಿನಲ್ಲಿ ಆಟೊ ತೆಗೆದು ಮಟ್ಟ ಇಳಿಸಿಟ್ಟ ಮೇಲೆ ಎರಡೂ ಕೇಳಿಸಿತು. ಹೊರಗಿನ ಮೈಕ್ ಸಿಕ್ಕಿಸುವ ತೂತು ಇಲ್ಲದ ಕ್ಯಾಮೆರಾ ಕೊಳ್ಳಬೇಡಿ ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

ವಾಪಸ್ ಕೊಡಲಿಲ್ಲ. ಕೊಡಬೇಕಾಗಿ ಬಂದು, ಅಂಗಡಿಯವರು ಒಪ್ಪದಿದ್ದರೆ? ದುಡಿಮೆಗೆ ಕೊಂಡ ವಸ್ತುವಿಗೆ ಗ್ರಾಹಕ ಕಾನೂನು ಅನ್ವಯಿಸುವುದಿಲ್ಲ ಎಂದು ಹೆದರಿಸುವವರಿದ್ದಾರೆ. ಸ್ವಂತ ಉದ್ಯೋಗದಿಂದ ಜೀವನೋಪಾಯಕ್ಕೆಂದೇ ಕೊಂಡದ್ದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ವಾಣಿಜ್ಯ ಉದ್ದೇಶದ ಲೆಕ್ಕಕ್ಕೆ ಸೇರಿಸುವುದಿಲ್ಲ. ಬಿಲ್ಲು ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಹೊಸ ಬ್ಯಾಟರಿಗೆ ₹900, ಇನ್ನೊಂದು ಕಾರ್ಡಿಗೆ ₹450 ಆಯಿತು. ಟ್ರೈಪಾಡ್ ಭಾವನದ್ದು. ಮೊದಲ ವಾರ್ಷಿಕೋತ್ಸವಕ್ಕೆ ₹2,500 ಕೊಟ್ಟರು, ಪೆನ್‌ಡ್ರೈವ್ ಅವರದ್ದೇ. ಈಗ ಮತ್ತೆರಡು ಶಾಲೆಯವರು ಕೇಳಿದ್ದಾರೆ. ಒಂದರ ದಿನವೇ ನನಗೆ ಎಫ್‌ಡಿಎ ಪರೀಕ್ಷೆ. ಪಿಯುಸಿ ಓದುವ ತಮ್ಮನಿಗೆ ಶಟರ್ 1/100 ಇಡುವುದನ್ನು ಕಲಿಸುತ್ತಿದ್ದೇನೆ.