ನೇಯ್ದ ಸ್ಮೃತಿ: ಗಣಕಯಂತ್ರದ ನೆನಪಿನ ಜೋಡಣೆಯಲ್ಲಿ ಕೈಕಸುಬಿನ ಪಾತ್ರ

ವೃತ್ತಿ ಜಾನಪದದ ಅಧ್ಯಯನವು ಕುಂಬಾರಿಕೆ, ನೇಕಾರಿಕೆ, ಬುಟ್ಟಿ ಹೆಣಿಕೆಯಂತಹ ಕಸುಬುಗಳನ್ನು ಮುಖ್ಯ ಆಕರವಾಗಿ ಪರಿಗಣಿಸುತ್ತ ಬಂದಿದೆ. ಆದರೆ ಆಧುನಿಕ ಕಾರ್ಖಾನೆಯೊಳಗೂ ಕೈಯ ತಿಳಿವಳಿಕೆ ನೆಲೆಸಿರುತ್ತದೆ ಎಂಬುದಕ್ಕೆ ಗಣಕಯಂತ್ರದ ಸ್ಮೃತಿಯ ಇತಿಹಾಸವೇ ನಿದರ್ಶನ.

ಸಂಸ್ಕಾರಕಕ್ಕೆ ಹೊರಗಿನ ಸ್ಮೃತಿಯನ್ನು ಜೋಡಿಸುವುದೆಂದರೆ ಎರಡು ಕೆಲಸ: ಯಾವ ಸ್ಥಾನ ಬೇಕೆಂದು ತಿಳಿಸುವುದು, ಅಲ್ಲಿರುವುದನ್ನು ತರಿಸಿಕೊಳ್ಳುವುದು. 1980ರಲ್ಲಿ ಇಂಟೆಲ್ ಸಂಸ್ಥೆ ಹೊರತಂದ 8051 ಎಂಬ ಮೈಕ್ರೋಕಂಟ್ರೋಲರ್ 16 ತಂತಿಗಳ ಮೂಲಕ 65,536 ಸ್ಥಾನಗಳನ್ನು ಗುರುತಿಸಬಲ್ಲದು. ಇವುಗಳಲ್ಲಿ 8 ತಂತಿಗಳು ಮೊದಲು ವಿಳಾಸವನ್ನೂ ಅನಂತರ ದತ್ತಾಂಶವನ್ನೂ ಒಯ್ಯುತ್ತವೆ. ಆದ್ದರಿಂದ ವಿಳಾಸದ ಆ ಭಾಗವನ್ನು ಹಿಡಿದಿಡಲು ಲ್ಯಾಚ್ ಎಂಬ ಮಂಡಲವನ್ನು ನಡುವೆ ಇರಿಸಲಾಗುತ್ತದೆ. ಇಲ್ಲಿ ತಂತಿಯು ಕೇವಲ ದಾರಿ. ನೆನಪು ಇರುವುದು ಚಿಪ್ಪಿನೊಳಗೆ.

ಇದಕ್ಕೆ ಮುನ್ನ, 1960ರ ದಶಕದಲ್ಲಿ, ತಂತಿಯ ಜೋಡಣೆಯೇ ನೆನಪಾಗಿದ್ದ ಒಂದು ವ್ಯವಸ್ಥೆಯಿತ್ತು. ಅಮೆರಿಕದ ಅಪೊಲೊ ಚಂದ್ರಯಾನಕ್ಕಾಗಿ ಎಂ.ಐ.ಟಿ.ಯ ಉಪಕರಣ ಪ್ರಯೋಗಾಲಯವು ರೂಪಿಸಿದ ಗಣಕದಲ್ಲಿ ಸ್ಥಿರಸ್ಮೃತಿಯನ್ನು ಸಣ್ಣ ಕಾಂತೀಯ ಉಂಗುರಗಳಿಂದ ರಚಿಸಲಾಗಿತ್ತು. ತಂತಿಯು ಉಂಗುರದೊಳಗೆ ಹಾದುಹೋದರೆ 1, ಹೊರಗಿನಿಂದ ಬಳಸಿ ಹೋದರೆ 0. ವಿಳಾಸಕ್ಕೆ ತಕ್ಕಂತೆ ಒಂದು ಉಂಗುರ ಆಯ್ಕೆಯಾದಾಗ ಅದರೊಳಗೆ ಹಾದ ತಂತಿಗಳಲ್ಲಿ ಮಾತ್ರ ವಿದ್ಯುತ್ ಮಿಡಿತ ಉಂಟಾಗುತ್ತಿತ್ತು. 16 ಬಿಟ್‌ಗಳ 12 ಪದಗಳು ಒಂದೊಂದು ಉಂಗುರಕ್ಕೆ ಸಂಬಂಧಿಸಿದ್ದವು. 512 ಉಂಗುರಗಳ 6 ಘಟಕಗಳಲ್ಲಿ ಒಟ್ಟು 36,864 ಪದಗಳು ಅಡಕವಾಗಿದ್ದವು.

ಈ ಘಟಕಗಳನ್ನು ಹೆಣೆದವರು ಮ್ಯಾಸಚೂಸೆಟ್ಸ್‌ನ ವಾಲ್ತಮ್‌ನಲ್ಲಿದ್ದ ರೇಥಿಯಾನ್ ಕಾರ್ಖಾನೆಯ ಮಹಿಳೆಯರು. ಬಟ್ಟೆ ಗಿರಣಿಗೂ ಗಡಿಯಾರ ತಯಾರಿಕೆಗೂ ಹೆಸರಾಗಿದ್ದ ಊರು ಅದು. ರಂಧ್ರಪಟ್ಟಿಯ ಆದೇಶದಂತೆ ಯಂತ್ರವು ಸರಿಯಾದ ಉಂಗುರವನ್ನು ಎದುರಿಗೆ ತಂದು ನಿಲ್ಲಿಸುತ್ತಿತ್ತು. ತಂತಿ ಪೋಣಿಸಿದ ಸೂಜಿಯನ್ನು ಅದರೊಳಗೆ ದಾಟಿಸುವ ಕೆಲಸ ಕೈಯದು. ಒಂದು ತಂತಿ ತಪ್ಪಿದರೆ ಗಣಕದ ಆದೇಶವೇ ಬದಲಾಗುತ್ತಿತ್ತು. ಹೆಣಿಗೆ ಮುಗಿದ ಘಟಕವನ್ನು ರಾಳದಿಂದ ಮುಚ್ಚಿದ ಬಳಿಕ ತಿದ್ದುವುದು ಬಹಳ ಕಷ್ಟವಾಗಿತ್ತು. ಹೀಗಾಗಿ ಕ್ರಮವಿಧಿಯನ್ನು ಬರೆಯುವವರು ಹೆಣೆಯುವ ಕೈಗಳ ಕಾಲಮಾನಕ್ಕೆ ಹೊಂದಿಕೊಂಡು, ಯಾನಕ್ಕೆ ಬಹಳ ಮೊದಲೇ ತಮ್ಮ ಬರವಣಿಗೆಯನ್ನು ಅಂತಿಮಗೊಳಿಸಬೇಕಾಗಿತ್ತು.

ತಂತ್ರಜ್ಞರ ಬಳಗದಲ್ಲಿ ಈ ಸ್ಮೃತಿಗೆ 'ಮುದುಕಿಯರ ಸ್ಮೃತಿ' ಎಂಬರ್ಥದ ಅಡ್ಡಹೆಸರು ಬಳಕೆಯಲ್ಲಿತ್ತು. ಹಾಸ್ಯದಂತೆ ತೋರುವ ಈ ಹೆಸರು ಆ ಕುಶಲತೆಯನ್ನು ಏಕಕಾಲಕ್ಕೆ ಒಪ್ಪಿಕೊಳ್ಳುತ್ತದೆ ಮತ್ತು ಕಿರಿದಾಗಿಸುತ್ತದೆ. 1969ರ ಜುಲೈ 20ರಂದು ಚಂದ್ರನ ಮೇಲಿಳಿದ ನೌಕೆಯ ಗಣಕವು ಓದಿಕೊಂಡದ್ದು ಈ ಹೆಣಿಗೆಯನ್ನೇ. ಯಾನಿಗಳ ಹೆಸರನ್ನು ಜಗತ್ತು ಬಲ್ಲದು. ಹೆಣೆದವರಲ್ಲಿ ಬಹುತೇಕರು ಅಜ್ಞಾತರಾಗಿಯೇ ಉಳಿದರು. ಕಸೂತಿಯ ಸೀರೆಯಲ್ಲಿ ಕಸೂತಿಗಾರ್ತಿಯ ಹೆಸರಿಲ್ಲದಿರುವುದನ್ನು ಕಂಡಿರುವ ಜಾನಪದ ವಿದ್ವಾಂಸರಿಗೆ ಇದು ಅಪರಿಚಿತ ಸಂಗತಿಯಲ್ಲ. ಯಂತ್ರದ ಚರಿತ್ರೆಯನ್ನು ಬರೆಯುವಾಗಲೂ ಕೈಯ ಚರಿತ್ರೆಯನ್ನು ಕೇಳಿ ದಾಖಲಿಸುವ ಹೊಣೆ ಜಾನಪದ ಅಧ್ಯಯನಕ್ಕಿದೆ.