ದೋಣಿಯ ಎಂಜಿನ್ ಕೆಟ್ಟಾಗ: ವಾರಂಟಿ ವಿವಾದಗಳ ಒಳಹೊರಗು

ಮಲ್ಪೆ, ಮಂಗಳೂರು, ಗಂಗೊಳ್ಳಿ, ಕಾರವಾರ ಬಂದರುಗಳ ವಹಿವಾಟು ದೋಣಿಗಳ ಎಂಜಿನನ್ನು ನಂಬಿ ನಡೆಯುತ್ತದೆ. ಎಂಜಿನ್ ಸ್ತಬ್ಧವಾದ ದಿನ ಮಾಲೀಕನ ಆದಾಯ ಮಾತ್ರವಲ್ಲ, ತಾಂಡೇಲ ಹಾಗೂ ಖಲಾಸಿಗಳ ಪಾಲು, ಮಂಜುಗಡ್ಡೆ ಕಾರ್ಖಾನೆಯ ಮಾರಾಟ, ಬಲೆ ವ್ಯಾಪಾರಿಗೆ ಬರಬೇಕಾದ ಬಾಕಿ, ಬ್ಯಾಂಕಿನ ಕಂತು ಎಲ್ಲವೂ ತಡೆಯುತ್ತವೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧದಲ್ಲಿ ಯಾಂತ್ರೀಕೃತ ದೋಣಿಗಳೂ 10 ಅಶ್ವಶಕ್ತಿಗಿಂತ ಹೆಚ್ಚಿನ ಎಂಜಿನ್ ಅಳವಡಿಸಿದ ದೋಣಿಗಳೂ ಕಡಲಿಗಿಳಿಯುವಂತಿಲ್ಲ. ಆದರೆ ಖರೀದಿಯ ದಿನದಿಂದ ಎಣಿಕೆಯಾಗುವ ವಾರಂಟಿಗೆ ಈ ರಜೆಯಿಲ್ಲ. ಏಪ್ರಿಲ್‌ನಲ್ಲಿ ಕೊಂಡ ಎಂಜಿನ್ನಿನ ಹನ್ನೆರಡು ತಿಂಗಳ ವಾರಂಟಿಯಲ್ಲಿ ಎರಡು ತಿಂಗಳು ದಡದಲ್ಲಿಯೇ ಕಳೆದುಹೋಗುತ್ತದೆ. ದೋಣಿಗೆ ಜೋಡಿಸಿ ನೀರಿನಲ್ಲಿ ಪರೀಕ್ಷಿಸಿದ ದಿನದಿಂದ ಅವಧಿ ಆರಂಭವಾಗಬೇಕೆಂಬ ಷರತ್ತನ್ನು ಕೊಳ್ಳುವಾಗಲೇ ಲಿಖಿತವಾಗಿ ಪಡೆಯುವುದು ಲೇಸು.

ವಿವಾದದ ಮೂಲ

ತಯಾರಿಕೆಯ ದೋಷವೋ ಬಳಕೆಯ ದೋಷವೋ ಎಂಬ ಪ್ರಶ್ನೆಯೇ ಬಹುತೇಕ ವಿವಾದಗಳ ತಿರುಳು. ತಂಪುಗೊಳಿಸುವ ನೀರನ್ನೆಳೆಯುವ ಪಂಪಿನ ಇಂಪೆಲ್ಲರ್ ಸವೆದರೆ, ಅಳಿವೆ ದಾಟುವಾಗ ಮರಳು ಸೇರಿದರೆ, ನೀರಿನ ಹಾದಿಯಲ್ಲಿ ಉಪ್ಪು ಕಟ್ಟಿಕೊಂಡರೆ ಎಂಜಿನ್ ಮಿತಿಮೀರಿ ಬಿಸಿಯಾಗುತ್ತದೆ. ಇಂಧನದಲ್ಲಿ ನೀರು ಬೆರೆತರೆ ಇಂಜೆಕ್ಟರ್‌ಗಳು ಹಾಳಾಗುತ್ತವೆ. ದೋಣಿಗೆ ಹೊಂದದ ಪ್ರೊಪೆಲ್ಲರ್ ಹಾಕಿದರೆ ಎಂಜಿನ್ ನಿಗದಿತ ವೇಗ ಮುಟ್ಟದೆ ಸದಾ ಅತಿಭಾರದಲ್ಲಿ ದುಡಿಯುತ್ತದೆ. ಇವೆಲ್ಲವನ್ನೂ ತಯಾರಕರು ಸಾಮಾನ್ಯವಾಗಿ ವಾರಂಟಿಯ ಹೊರಗಿಡುತ್ತಾರೆ. ಲಾರಿಗೆಂದು ತಯಾರಾದ ಎಂಜಿನನ್ನು ಮಾರ್ಪಡಿಸಿ ದೋಣಿಗೆ ಕೂರಿಸಿದಲ್ಲಿ ಮೂಲ ತಯಾರಕನ ಭರವಸೆ ಉಳಿಯುವುದು ಕಷ್ಟ.

ಎಂಜಿನ್ ನಿಂತೊಡನೆ

ಬಂದರಿನ ಮೆಕ್ಯಾನಿಕ್ ಕೂಡಲೇ ಎಂಜಿನ್ ಬಿಚ್ಚುವುದು ವಾಡಿಕೆ. ಸಾಕ್ಷ್ಯ ಅಳಿಯುವುದೂ ಅಲ್ಲಿಯೇ. ಬಿಚ್ಚುವ ಮುನ್ನ ಗಂಟೆಮಾಪಕದ ಅಂಕಿ, ಎಂಜಿನ್ ಸಂಖ್ಯೆ ಮತ್ತು ಹಾನಿಯ ಭಾಗಗಳ ಛಾಯಾಚಿತ್ರ ತೆಗೆಯಬೇಕು. ಇಂಧನ ಹಾಗೂ ಎಣ್ಣೆಯ ಮಾದರಿಗಳನ್ನು ಸಾಕ್ಷಿಗಳ ಮುಂದೆ ಶೀಸೆಯಲ್ಲಿ ತುಂಬಿ ಮೊಹರು ಮಾಡಬೇಕು. ವಿತರಕ ಮತ್ತು ತಯಾರಕ ಇಬ್ಬರಿಗೂ ಲಿಖಿತ ದೂರು ಸಲ್ಲಿಸಿ ಜಂಟಿ ತಪಾಸಣೆಗೆ ದಿನಾಂಕ ಕೋರಬೇಕು. ಉತ್ತರ ಬಾರದಿದ್ದಲ್ಲಿ ನೋಟಿಸು ನೀಡಿ, ಸ್ವತಂತ್ರ ಸರ್ವೇಯರ್ ವರದಿ ಪಡೆದ ಬಳಿಕವೇ ದುರಸ್ತಿಗೆ ತೊಡಗುವುದು ಕ್ಷೇಮ. ಬದಲಾಯಿಸಿದ ಹಳೆಯ ಭಾಗಗಳನ್ನು ಗುಜರಿಗೆ ಹಾಕಬಾರದು.

ಕಾನೂನಿನ ಆಸರೆ

1930ರ ಸರಕು ಮಾರಾಟ ಕಾಯಿದೆಯ 16ನೇ ಕಲಮಿನಂತೆ, ಖರೀದಿದಾರನು ತನ್ನ ಉದ್ದೇಶವನ್ನು ತಿಳಿಸಿ ಮಾರಾಟಗಾರನ ಪರಿಣತಿಯನ್ನು ನಂಬಿ ಕೊಂಡಲ್ಲಿ, ಸರಕು ಆ ಉದ್ದೇಶಕ್ಕೆ ತಕ್ಕುದಾಗಿರಬೇಕು. ಕೇವಲ ವ್ಯಾಪಾರನಾಮ ಹೇಳಿ ಕೊಂಡಾಗ ಈ ರಕ್ಷಣೆ ಸಡಿಲವಾಗುತ್ತದೆ. ಆದುದರಿಂದ ದೋಣಿಯ ಉದ್ದ, ಭಾರ, ಮೀನುಗಾರಿಕೆಯ ಬಗೆಯನ್ನು ಬೇಡಿಕೆ ಪತ್ರದಲ್ಲಿಯೇ ನಮೂದಿಸಬೇಕು.

ಗ್ರಾಹಕ ಆಯೋಗದ ಬಾಗಿಲು ಎಲ್ಲರಿಗೂ ತೆರೆದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ವಾಣಿಜ್ಯ ಉದ್ದೇಶದ ಖರೀದಿಯನ್ನು ಹೊರಗಿಟ್ಟಿದೆ. ಆದರೆ ಸ್ವಂತ ದುಡಿಮೆಯಿಂದ ಜೀವನೋಪಾಯ ನಡೆಸಲೆಂದೇ ಕೊಂಡವನು ಗ್ರಾಹಕನೇ. ಇಂಥ ಖರೀದಿದಾರ ಒಬ್ಬಿಬ್ಬರ ನೆರವು ಪಡೆದ ಮಾತ್ರಕ್ಕೆ ಆ ಸ್ಥಾನ ಕಳೆದುಕೊಳ್ಳುವುದಿಲ್ಲವೆಂದು ಲಕ್ಷ್ಮೀ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು. ತಾನೇ ಕಡಲಿಗಿಳಿಯುವ ನಾಡದೋಣಿಯ ಮೀನುಗಾರನ ವಾದಕ್ಕೆ ಇಲ್ಲಿ ಬಲವಿದೆ. ಹಲವು ಟ್ರಾಲ್ ದೋಣಿಗಳ ಒಡೆಯನಿಗೆ ಅದು ಕಠಿಣ. ಪಾವತಿಸಿದ ಬೆಲೆ 50 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಆಯೋಗದಲ್ಲಿ, ಅದೂ ದೂರುದಾರನು ವಾಸಿಸುವ ಜಿಲ್ಲೆಯಲ್ಲಿಯೇ, ದೂರು ಸಲ್ಲಿಸಬಹುದು. ಕಾಲಮಿತಿ 2 ವರ್ಷ. ಪ್ರಯೋಗಾಲಯ ಪರೀಕ್ಷೆಯಿಂದಲ್ಲದೆ ದೋಷ ನಿರ್ಧಾರವಾಗದಿದ್ದಲ್ಲಿ ಆಯೋಗವು ಮಾದರಿಯನ್ನು ಪರೀಕ್ಷೆಗೆ ಕಳುಹಿಸುತ್ತದೆ.

ಉಳಿದವರಿಗೆ ಸಿವಿಲ್ ನ್ಯಾಯಾಲಯವೇ ಗತಿ. 3 ಲಕ್ಷ ರೂಪಾಯಿ ಹಾಗೂ ಅದಕ್ಕೂ ಹೆಚ್ಚಿನ ವಾಣಿಜ್ಯ ವ್ಯಾಜ್ಯಗಳು ವಾಣಿಜ್ಯ ನ್ಯಾಯಾಲಯಕ್ಕೆ ಸೇರುತ್ತವೆ. ತುರ್ತು ಮಧ್ಯಂತರ ಪರಿಹಾರ ಕೋರದಿದ್ದಲ್ಲಿ ದಾವೆಗೆ ಮುನ್ನ ಮಧ್ಯಸ್ಥಿಕೆ ಕಡ್ಡಾಯ. ಋತು ಕಳೆಯುವ ಮುನ್ನ ಇತ್ಯರ್ಥವಾಗುವುದು ಇಬ್ಬರಿಗೂ ಲಾಭವಾದುದರಿಂದ ಈ ಹಂತವನ್ನು ಹಗುರವಾಗಿ ಕಾಣಬಾರದು.

ವಿತರಕರು ಗಮನಿಸಬೇಕಾದುದು

ಖರೀದಿದಾರನ ಕರಾರು ಮೊದಲು ಏರ್ಪಡುವುದು ಬಿಲ್ಲು ಬರೆದ ವಿತರಕನೊಡನೆ. 'ಕಂಪನಿಯನ್ನೇ ಕೇಳಿ' ಎಂದು ಕೈತೊಳೆದುಕೊಂಡರೆ ಹೊಣೆ ತಪ್ಪದು. ಜೋಡಣೆಯ ದಿನ ಪೂರ್ಣ ವೇಗದ ಪರೀಕ್ಷೆ ನಡೆಸಿ ಫಲಿತಾಂಶಕ್ಕೆ ಇಬ್ಬರ ಸಹಿ ಪಡೆಯುವುದು, ಪ್ರತಿ ಸರ್ವಿಸನ್ನು ಪುಸ್ತಕದಲ್ಲಿ ದಾಖಲಿಸುವುದು, ವಾರಂಟಿಯ ಹೊರತುಗಳನ್ನು ಕನ್ನಡದಲ್ಲಿ ವಿವರಿಸುವುದು ವಿತರಕನಿಗೂ ರಕ್ಷೆ.

ವಿಮೆಯಿದೆಯೆಂಬ ನೆಮ್ಮದಿಯೂ ಪೂರ್ಣ ಸರಿಯಲ್ಲ. 1963ರ ಸಾಗರ ವಿಮಾ ಕಾಯಿದೆಯಂತೆ, ಪಾಲಿಸಿಯಲ್ಲಿ ಬೇರೆ ರೀತಿ ಹೇಳದ ಹೊರತು, ಸಹಜ ಸವೆತಕ್ಕೂ ಕಡಲಿನ ಅಪಾಯದಿಂದ ನೇರವಾಗಿ ಉಂಟಾಗದ ಯಂತ್ರ ಹಾನಿಗೂ ವಿಮೆದಾರ ಹೊಣೆಯಲ್ಲ. ಹೀಗಾಗಿ ಸರ್ವಿಸ್ ಪುಸ್ತಕ, ಇಂಧನದ ರಸೀದಿ, ಲಿಖಿತ ಪತ್ರವ್ಯವಹಾರ ಇವನ್ನು ದೋಣಿಯ ನೋಂದಣಿ ಪತ್ರದಷ್ಟೇ ಜೋಪಾನವಾಗಿ ಇಟ್ಟುಕೊಂಡವನ ವಾದವೇ ಕಡೆಗೆ ನಿಲ್ಲುತ್ತದೆ.