ಬೆಲ್ಚಿಯ ಆನೆ, ಚೋಮನ ಸಾಲ ಮತ್ತು ನಮ್ಮ ಬೀದಿ ನಾಟಕ

ಕಾಲೇಜು ಫೆಸ್ಟ್‌ನಲ್ಲಿ ಬೀದಿ ನಾಟಕ ಅಂದ್ರೆ ಹೇಗಿರುತ್ತೆ ಅಂತ ನಿಮಗೆಲ್ಲ ಗೊತ್ತು. ಕಪ್ಪು ಕುರ್ತಾ, ಸೊಂಟಕ್ಕೆ ಕೆಂಪು ಬಟ್ಟೆ, ಒಂದು ಢೋಲು. ಟಾಪಿಕ್ ಪ್ಲಾಸ್ಟಿಕ್, ಇಲ್ಲಾ ಹೆಲ್ಮೆಟ್, ಇಲ್ಲಾ ಮೊಬೈಲ್ ಚಟ. ಯಾರಿಗೂ ಬೇಜಾರಾಗಲ್ಲ, ಜಡ್ಜ್‌ಗಳೂ ಖುಷಿ. ಆದರೆ ಕನ್ನಡದ ಬೀದಿ ನಾಟಕ ಬೆಳೆದದ್ದು ಇಂಥ ಸೇಫ್ ವಿಷಯಗಳ ಮೇಲಲ್ಲ. ಅದರ ಒಂದು ಮುಖ್ಯ ಕತೆಯ ಎಳೆ ನಮ್ಮ ಚಿಕ್ಕಮಗಳೂರಿನವರೆಗೂ ಬರುತ್ತೆ.

1977ರ ಮೇ 27ರಂದು ಬಿಹಾರದ ಬೆಲ್ಚಿ ಅನ್ನೋ ಹಳ್ಳಿಯಲ್ಲಿ 11 ಜನರನ್ನ ಕೊಂದು ಸುಟ್ಟರು. ಸತ್ತವರಲ್ಲಿ ಹೆಚ್ಚಿನವರು ದಲಿತರು. ಅದೇ ವರ್ಷ ಚುನಾವಣೆ ಸೋತಿದ್ದ ಇಂದಿರಾ ಗಾಂಧಿ ಆಗಸ್ಟ್‌ನಲ್ಲಿ ಅಲ್ಲಿಗೆ ಹೊರಟರು. ಮಳೆ, ಕೆಸರು, ಜೀಪ್ ಮುಂದೆ ಹೋಗಲಿಲ್ಲ. ಕೊನೆಗೆ ಆನೆ ಮೇಲೆ ಕೂತು ಹಳ್ಳಿ ಸೇರಿದರು. ರಾಜಕೀಯದಲ್ಲಿ ಅವರು ಮತ್ತೆ ಎದ್ದು ನಿಂತದ್ದು ಆ ಪ್ರಯಾಣದಿಂದ ಅಂತ ತುಂಬಾ ಜನ ಬರೆದಿದ್ದಾರೆ. ಮುಂದಿನ ವರ್ಷ, 1978ರ ನವೆಂಬರ್‌ನಲ್ಲಿ, ಅವರು ವೀರೇಂದ್ರ ಪಾಟೀಲರನ್ನ ಸೋಲಿಸಿ ಲೋಕಸಭೆಗೆ ವಾಪಸ್ ಹೋಗಿದ್ದು ನಮ್ಮ ಚಿಕ್ಕಮಗಳೂರಿನಿಂದಲೇ.

ಮೂಡಿಗೆರೆ, ಕಳಸ ಕಡೆ ಅರವತ್ತು ದಾಟಿದ ಯಾರನ್ನಾದ್ರೂ ಆ ಉಪಚುನಾವಣೆ ಬಗ್ಗೆ ಕೇಳಿ ನೋಡಿ. ಕಾಫಿ ಆರಿಹೋಗುವವರೆಗೂ ಮಾತಾಡ್ತಾರೆ. ಆನೆಯ ಕತೆಯೂ ಬರುತ್ತೆ. ಬೆಲ್ಚಿಯಲ್ಲಿ ಸತ್ತ 11 ಜನ ಯಾರು, ಯಾಕೆ ಸತ್ತರು ಅಂತ ಕೇಳಿದ್ರೆ ಮಾತು ನಿಲ್ಲುತ್ತೆ. ಇತಿಹಾಸದಲ್ಲಿ ಆನೆ ಉಳೀತು, ಅವರು ಉಳೀಲಿಲ್ಲ.

ಆ 11 ಜನರನ್ನ ಕನ್ನಡಿಗರ ಕಣ್ಣೆದುರು ತಂದು ನಿಲ್ಲಿಸಿದ್ದು ಒಂದು ನಾಟಕ. 1975ರಲ್ಲಿ ಬೆಂಗಳೂರಲ್ಲಿ ಶುರುವಾದ ‘ಸಮುದಾಯ’ ತಂಡಕ್ಕೆ ಸಿ.ಜಿ. ಕೃಷ್ಣಸ್ವಾಮಿ, ಅಂದ್ರೆ ಎಲ್ಲರ ಸಿಜಿಕೆ, ‘ಬೆಲ್ಚಿ’ ಅನ್ನೋ ಬೀದಿ ನಾಟಕ ಮಾಡಿಸಿದರು. ಅವರ ಕೆಲಸ ಎಕನಾಮಿಕ್ಸ್ ಪಾಠ ಮಾಡೋದು. (ನಮ್ಮ ಲೆಕ್ಚರರ್‌ಗಳು ದಯವಿಟ್ಟು ಗಮನಿಸಬೇಕು.) ಬಿಹಾರದ ಘಟನೆಯನ್ನ ಕರ್ನಾಟಕದ ಬೀದಿಯಲ್ಲಿ ಆಡಿದಾಗ ನೋಡೋರಿಗೆ ಒಂದು ಪ್ರಶ್ನೆ ತಾನಾಗೇ ಹುಟ್ಟುತ್ತೆ: ನಮ್ಮೂರಲ್ಲಿ ಹೇಗಿದೆ?

ಬೀದಿ ನಾಟಕದ ಮೆಕ್ಯಾನಿಸಂ ನನಗೆ ತುಂಬಾ ಇಷ್ಟ. ಸ್ಟೇಜ್ ಇಲ್ಲ, ಲೈಟ್ ಇಲ್ಲ, ಪರದೆ ಇಲ್ಲ. ನಾಲ್ಕು ಜನ ಕೈ ಹಿಡಿದು ನಿಂತ್ರೆ ಗುಡಿಸಲು. ಅದೇ ನಾಲ್ಕು ಜನ ಕೈ ಮೇಲೆತ್ತಿ ಅಲುಗಾಡಿದ್ರೆ ಬೆಂಕಿ. ಈಗ ಜಮೀನ್ದಾರ ಆಗಿದ್ದವನು ಎರಡು ನಿಮಿಷ ಬಿಟ್ಟು ಕೂಲಿಯವನು. ಜನ ಸುತ್ತಲೂ ವೃತ್ತವಾಗಿ ನಿಂತಿರ್ತಾರೆ, ಅದರಿಂದ ನಟರ ಹಿಂದೆ ಎದುರುಗಡೆ ನಿಂತವರ ಮುಖವೂ ಕಾಣುತ್ತೆ. ಯಾರು ನಗ್ತಿದ್ದಾರೆ, ಯಾರು ತಲೆ ತಗ್ಗಿಸಿದ್ದಾರೆ, ಯಾರು ಮೆಲ್ಲಗೆ ಜಾಗ ಖಾಲಿ ಮಾಡ್ತಿದ್ದಾರೆ, ಎಲ್ಲ ಗೊತ್ತಾಗುತ್ತೆ. ಕತ್ತಲೆ ಹಾಲ್‌ನಲ್ಲಿ ಸಿಗೋ ಬಚಾವು ಇಲ್ಲಿ ಸಿಗಲ್ಲ.

ನಾವು ಹೈಸ್ಕೂಲಲ್ಲಿ ಆರ್ಟಿಕಲ್ 17 ಓದಿದ್ವಿ. ಅಸ್ಪೃಶ್ಯತೆ ರದ್ದು, ಎರಡು ಮಾರ್ಕ್ಸ್, ಮುಂದಿನ ಪ್ರಶ್ನೆ. ಅದು ಸರ್ಕ್ಯೂಟ್ ಡಯಾಗ್ರಾಂ ಬಾಯಿಪಾಠ ಮಾಡಿ ಲ್ಯಾಬ್‌ಗೆ ಹೋಗದೇ ಇದ್ದ ಹಾಗೆ. ಅಭಿನಯ ಅಂದ್ರೆ ಲ್ಯಾಬ್. ಇದನ್ನ ಚೆನ್ನಾಗಿ ಅರ್ಥ ಮಾಡ್ಕೊಂಡಿದ್ದವರು ಅಮೆರಿಕಾದ ನ್ಯಾಶ್‌ವಿಲ್‌ನ ಕಾಲೇಜು ಹುಡುಗ ಹುಡುಗಿಯರು. ಆಗ ಅಲ್ಲಿನ ಅಂಗಡಿಗಳ ಊಟದ ಕೌಂಟರ್‌ನಲ್ಲಿ ಕಪ್ಪು ಜನ ಕೂರೋ ಹಾಗಿರಲಿಲ್ಲ. ನಾಗಪುರದಲ್ಲಿ ಮೂರು ವರ್ಷ ಇದ್ದು ಗಾಂಧಿಯನ್ನ ಓದಿಕೊಂಡಿದ್ದ ಜೇಮ್ಸ್ ಲಾಸನ್ ಇವರಿಗೆ ಮೊದಲು ರಿಹರ್ಸಲ್ ಮಾಡಿಸಿದರು. ಕೆಲವರು ಕೂರಬೇಕು, ಕೆಲವರು ಬೈಯಬೇಕು, ಕುರ್ಚಿ ಎಳೀಬೇಕು, ಮುಖಕ್ಕೆ ಹೊಗೆ ಬಿಡಬೇಕು. ಆಮೇಲೆ ಪಾತ್ರ ಅದಲುಬದಲು. 1960ರ ಫೆಬ್ರವರಿಯಲ್ಲಿ ನಿಜವಾದ ಕೌಂಟರ್‌ನಲ್ಲಿ ಹೋಗಿ ಕೂತರು. ಮೇ ತಿಂಗಳಲ್ಲಿ ಆ ಕೌಂಟರ್‌ಗಳು ಅವರಿಗೂ ಊಟ ಕೊಡೋಕೆ ಶುರು ಮಾಡಿದವು. ಅವರೆಲ್ಲ ಹೆಚ್ಚುಕಮ್ಮಿ ನಮ್ಮ ವಯಸ್ಸಿನವರೇ.

ಸರಿ, ನಮ್ಮ ಕಾಫಿ ಸೀಮೆಯಲ್ಲಿ ಆಡೋಕೆ ಏನಿದೆ ಅಂತ ಕೇಳಬಹುದು. ಬೇಕಾದಷ್ಟಿದೆ. ಶಿವರಾಮ ಕಾರಂತರ ‘ಚೋಮನ ದುಡಿ’ (1933) ಸಿನಿಮಾ ನೋಡಿರ್ತೀರಿ. ಚೋಮನಿಗೆ ಸ್ವಂತ ಬೇಸಾಯ ಮಾಡೋ ಆಸೆ, ಆದರೆ ಅವನ ಜಾತಿಗೆ ಅದು ಸಲ್ಲದು ಅಂತಾರೆ. ಇಷ್ಟು ಎಲ್ಲರಿಗೂ ನೆನಪಿರುತ್ತೆ. ಸಾಲ ತೀರಿಸೋಕೆ ಅವನ ಮಕ್ಕಳು ಹೋಗೋದು ಎಲ್ಲಿಗೆ? ಘಟ್ಟದ ಮೇಲಿನ ಕಾಫಿ ತೋಟಕ್ಕೆ. ಚನಿಯ ಜ್ವರ ಹತ್ತಿಸಿಕೊಂಡು ಬಂದು ಸಾಯ್ತಾನೆ, ಗುರುವ ಅಲ್ಲೇ ಉಳಿದುಬಿಡ್ತಾನೆ, ಕೊನೆಗೆ ಬೆಳ್ಳಿಯೂ ಹೋಗಬೇಕಾಗುತ್ತೆ. ಕರಾವಳಿಯವರು ಈ ಕತೆಯನ್ನ ಕೆಳಗಿನಿಂದ ನೋಡ್ತಾರೆ. ಘಟ್ಟದ ಮೇಲಿನ ನಾವು ತೋಟದ ಕಡೆಯಿಂದ ಆಡಿದ್ರೆ ಅದು ಬೇರೆಯೇ ನಾಟಕ ಆಗುತ್ತೆ.

ಚೋಮನ ಕಾಲ ಮುಗೀತಲ್ಲ ಅನ್ನೋರಿಗೆ ಒಂದು ಮಾತು. 1974ರ ಭೂಸುಧಾರಣೆಯಲ್ಲಿ ಉಳುವವನೇ ಹೊಲದೊಡೆಯ ಆದ. ಕರಾವಳಿಯಲ್ಲಿ ಎಷ್ಟೋ ಗೇಣಿದಾರರಿಗೆ ಭೂಮಿ ಸಿಕ್ತು. ಆದರೆ ಕಾಫಿ, ಟೀ, ಏಲಕ್ಕಿ ತೋಟಗಳಿಗೆ ಆ ಕಾನೂನಲ್ಲಿ ವಿನಾಯಿತಿ ಇತ್ತು. ತೋಟದ ಆಳು ಗೇಣಿದಾರನೂ ಅಲ್ಲ, ಅವನ ಹೆಸರು ಯಾವ ಪಹಣಿಯಲ್ಲೂ ಇಲ್ಲ. 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ಮಾಲೀಕರೇ ಮನೆ ಕೊಡಬೇಕು ಅಂದಿತ್ತು, ಒಳ್ಳೇದೇ. ಆದರೆ ಆ ಲೈನ್ ಮನೆ ಕೆಲಸಕ್ಕೆ ಅಂಟಿಕೊಂಡಿರೋ ಮನೆ. ಕೆಲಸ ಬಿಟ್ಟ ದಿನ ಪಾತ್ರೆ ಪಗಡ ಎತ್ತಿಕೊಂಡು ಎಲ್ಲಿಗೆ ಹೋಗಬೇಕು? ಈ ಒಂದು ಪ್ರಶ್ನೆಗೇ ಹನ್ನೆರಡು ನಿಮಿಷದ ನಾಟಕ ಸಾಕು. ಪ್ರಾಪರ್ಟಿ ಒಂದು ಹಾಜರಿ ಪುಸ್ತಕ, ಒಂದು ಬೀಗ.

ಆದರೆ ಮಾಡೋದಾದ್ರೆ ಎಚ್ಚರ ಬೇಕು. ಆಳಿನ ಪಾತ್ರ ಯಾರಿಗೆ ಅಂತ ಬಂದಾಗ ಎಲ್ಲರ ಕಣ್ಣೂ ಹಾಸ್ಟೆಲ್‌ನ ಅದೇ ಇಬ್ಬರ ಕಡೆ ತಿರುಗಿದ್ರೆ ನಾಟಕ ಅಲ್ಲೇ ಹಾಳಾಯ್ತು. ಎಸ್ಟೇಟ್ ಮನೆಯ ಹುಡುಗ ಒಂದು ಸಲ ಹಾಜರಿ ಕರೆಸಿಕೊಳ್ಳೋ ಸಾಲಲ್ಲಿ ನಿಲ್ಲಲಿ, ಲೈನ್ ಮನೆಯ ಹುಡುಗಿ ರೈಟರ್ ಆಗಿ ಪುಸ್ತಕ ಹಿಡೀಲಿ. ಅಳಿಸೋಕೆ ಹೋಗಬಾರದು. ಜನ ಅತ್ತುಬಿಟ್ರೆ ಲೆಕ್ಕ ಚುಕ್ತಾ ಆಯ್ತು ಅಂದ್ಕೊಂಡು ಕ್ಯಾಂಟೀನ್‌ಗೆ ಹೋಗ್ತಾರೆ. ನಾಟಕ ಮುಗಿದ ಮೇಲೆ ವೃತ್ತ ಒಡೆಯೋಕೆ ಬಿಡದೆ ಹತ್ತು ನಿಮಿಷ ಮಾತಾಡಿಸಬೇಕು. ಬಹುಮಾನದ ರೂಲ್ಸ್‌ನಲ್ಲಿ ಇದಕ್ಕೆ ಟೈಮ್ ಇರಲ್ಲ, ಹಾಗಾಗಿ ಸ್ಪರ್ಧೆಯ ಹೊರಗೆ ಆಡೋದೇ ವಾಸಿ.

ಸ್ಕ್ರಿಪ್ಟ್ ಕೂಡ ಹಾಸ್ಟೆಲ್ ರೂಮಲ್ಲಿ ಹುಟ್ಟಲ್ಲ. ಈಗ ಲೈನ್ ಮನೆಗಳಲ್ಲಿ ತುಳು, ತಮಿಳಿನ ಜೊತೆ ಅಸ್ಸಾಮಿ, ಹಿಂದಿಯೂ ಕೇಳಿಸುತ್ತೆ. ನಮ್ಮಲ್ಲಿ ಹಿಂದಿ ಬರೋರು ಸಿಗ್ತಾರೆ. ಅಸ್ಸಾಮಿ ಗೊತ್ತಿರೋರು ಕ್ಯಾಂಪಸ್‌ನಲ್ಲಿ ಯಾರಾದ್ರೂ ಇದ್ದರೆ ಕನ್ನಡ ಸಂಘದವರಿಗೆ ತಿಳಿಸಿ. ಡಿಸೆಂಬರ್‌ನಲ್ಲಿ ಹಣ್ಣು ಕೊಯ್ಲು ಶುರುವಾದ ಮೇಲೆ ತೋಟದಲ್ಲಿ ಯಾರಿಗೂ ಪುರಸೊತ್ತಿರಲ್ಲ, ಅದಕ್ಕೆ ಮೊದಲೇ ಹೋಗಬೇಕು.